ಎಪ್ಪತ್ತನೇ ಸಾಲು

“ಏನಮ್ಮ ಇದು? ಏನಿದು ಅಂತೀನಿ!” ಶಾಮಣ್ಣ ಮೇಷ್ಟ್ರು ಬೆತ್ತದ ತುದಿಯಿಂದ ಟೀವಿಯ ಗಾಜನ್ನು ಕುಟ್ಟಿದರು. “ನಾಳಿದ್ದು ಪರೀಕ್ಷಕರ ಎದುರಿಗೆ ಹೀಗೆ ತಪ್ಪು ಅಂತ ಬಂದ್ರೆ ನನ್ ಮರ್ಯಾದೆ ಏನಾಗ್ಬೇಕು?”

ಕಂಪ್ಯೂಟರಿಗೆ ಜೋಡಿಸಿದ್ದ ಟೀವಿಯ ಮೇಲೆ ‘ತಪ್ಪು’ ಎಂಬ ಪದ ಇಂಗ್ಲಿಷ್ ಅಕ್ಷರಗಳಲ್ಲಿ ಮಿನುಗುತ್ತಿತ್ತು. ಅದರ ಮುಂದೆ ಆರನೇ ಕ್ಲಾಸಿನ ಹುಡುಗನೊಬ್ಬ ತಲೆ ತಗ್ಗಿಸಿ ನಿಂತಿದ್ದ. ಆರೊಂಬತ್ಲ ಎಷ್ಟು ಎಂದು ಯಂತ್ರ ಕೇಳಿದ್ದಕ್ಕೆ ಅವನು ಐವತ್ತಾರು ಎಂದು ಒತ್ತಿದ್ದ.

“ಹುಡುಗ ತಪ್ಪು ಒತ್ತಿದ ಸಾರ್, ಅದಕ್ಕೆ ಮಿಷಿನ್ ತಪ್ಪು ಅಂತು. ಇನ್ನೊಂದ್ಸಲ ಯೋಚ್ನೆ ಮಾಡಿ ಒತ್ತುತಾನೆ. ಪಾಠ ಇರೋದೇ ಅದ್ರಲ್ಲಿ,” ಎಂದಳು ಟೀಚರ್ ಟ್ರೈನಿಂಗ್ ಓದುತ್ತಿದ್ದ ಜಯಾ.

“ಪಾಠ ಎಲ್ಲಿರತ್ತೆ ಅಂತ ನನಗೇ ಪಾಠ ಹೇಳ್ತೀಯಾ? ಊದುಬತ್ತಿ ಹೊಸೆಯೋ ಕೈಗೆ ಕಂಪ್ಯೂಟರ್ ಕೊಟ್ಟಿದ್ದೇ ಹೆಚ್ಚಾಯ್ತು. ಬದಲಾಯ್ಸು ಅದನ್ನ.”

ಹುಡುಗ ಮೆಲ್ಲಗೆ ಜಾರಿಕೊಂಡ. ಜಯಾ ತನ್ನ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಊದುಬತ್ತಿಯ ಕಪ್ಪು ಉಳಿದೇ ಇರುತ್ತಿತ್ತು. ಗೊಟ್ಟಿಗೆರೆಯ ಮನೆಯಲ್ಲಿ ಅವಳೂ ಅವಳ ತಾಯಿ ಗೋವಿಂದಮ್ಮನೂ ಬೆಳಿಗ್ಗೆ ಎದ್ದರೆ ಗೋಡೆಯ ಬುದ್ಧನ ಫೋಟೋದ ಕೆಳಗೆ ಮಣೆಯ ಮುಂದೆ ಕೂತು ಕಡ್ಡಿ ಹೊಸೆಯಬೇಕು, ಆಮೇಲೆ ಜಯಾ ಬಸ್ಸು ಹಿಡಿದು ಬನಶಂಕರಿಗೆ ಬರಬೇಕು. ಇದು ಮೇಷ್ಟ್ರಿಗೆ ಗೊತ್ತು. ಗೊತ್ತಿದ್ದೇ ಆಡಿದ ಮಾತು ಅದು.

ಶಾಮಣ್ಣ ಮೇಷ್ಟ್ರ ಬಗ್ಗೆ ಒಂದು ಒಳ್ಳೆ ಮಾತು ಹೇಳಬೇಕೆಂದರೆ ಬಹಳ ಹುಡುಕಬೇಕಾಗುತ್ತದೆ. ಬೋರ್ಡಿನ ಮೇಲೆ ಅವರ ಅಕ್ಷರ ದುಂಡಗಿತ್ತು, ಅದನ್ನು ಒಪ್ಪೋಣ. ಬನಶಂಕರಿಯ ಆ ಖಾಸಗಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರ ಕೈಕೆಳಗೆ ಕಲಿತವರು ಯಾರೂ ಪ್ರಾಯೋಗಿಕ ಪಾಠದಲ್ಲಿ ನಪಾಸಾಗಿರಲಿಲ್ಲ. ಅದರ ಗುಟ್ಟು ಇಡೀ ಕಾಲೇಜಿಗೆ ಗೊತ್ತಿತ್ತು. ಕಾಲೇಜಿಗೆ ಸೇರಿದ ಶಾಲೆಯ ಮಕ್ಕಳಿಗೆ ಅವರು ಮೊದಲೇ ಹೇಳಿಕೊಟ್ಟಿರುತ್ತಿದ್ದರು: ಪರೀಕ್ಷಕರು ಬಂದ ದಿನ ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಪಾಠ ಮಾಡುವವರು ಬಲಗೈ ನೋಡಿ ಎಬ್ಬಿಸಿದರಾಯಿತು. ಪರೀಕ್ಷಕರ ಕಣ್ಣಿಗೆ ಕಾಣುವುದು ಎತ್ತಿದ ಕೈಗಳು ಮಾತ್ರ. ಅಬ್ಬಾ, ಎಂಥ ಚುರುಕು ಮಕ್ಕಳು, ಎಂಥ ಪಾಠ! ಕಾಫಿ ಕುಡಿದು, ಅಂಕ ಕೊಟ್ಟು ಹೋಗುತ್ತಿದ್ದರು.

ಈ ಸುಖಕ್ಕೆ ಕಲ್ಲು ಹಾಕಿದ್ದು ಕಂಪ್ಯೂಟರು. ಎಂಬತ್ತಾರನೇ ಇಸವಿಯ ಆಯುಧಪೂಜೆಗೆ ಅದು ಬಂತು. ತಂದು ಕೊಟ್ಟವರು ಆಡಳಿತ ಮಂಡಳಿಯ ಅಧ್ಯಕ್ಷರಾದ ಚಿಕ್ಕಬೈರಪ್ಪ. ಕತ್ರಿಗುಪ್ಪೆಯ ತಮ್ಮ ಹೊಲಗಳನ್ನು ಸೈಟು ಮಾಡಿ ಮಾರಿದ ಮೇಲೆ ಅವರಿಗೆ ವಿದ್ಯಾದಾನದ ಮೇಲೆ ಆಸೆ ಹುಟ್ಟಿತ್ತು. ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಕಿಟಕಿಗೆ ಪರದೆ ಹಾಕಿ, ಬಾಗಿಲಿಗೆ ಬೀಗ ಜಡಿದರು. ಬೀಗದ ಕೈ ಶಾಮಣ್ಣ ಮೇಷ್ಟ್ರ ಸೊಂಟಕ್ಕೆ ಹೋಯಿತು. ಭಾವಿ ಶಿಕ್ಷಕರೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಕಟ್ಟಿ ನಿಂತು, ನೋಡಿ ಬರಬೇಕು. ಮುಟ್ಟುವ ಹಾಗಿಲ್ಲ. ಬೆರಳು ಪಳಗಿಸಲು ರಟ್ಟಿನ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಬರೆದು ಕೊಟ್ಟರು. ವರ್ಷವಿಡೀ ಆ ರಟ್ಟನ್ನು ಕುಟ್ಟಿದ್ದೇ ಕುಟ್ಟಿದ್ದು.

ಆ ರಟ್ಟಿನ ಮೇಲೆ, ಯಂತ್ರದ ಜೊತೆ ಬಂದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಪ್ರೋಗ್ರಾಂ ಬರೆಯುವುದನ್ನು ಕಲಿತವಳು ಜಯಾ ಒಬ್ಬಳೇ. ಕಲಿಯುವ ಹಟ ಅವಳಿಗೆ ಸುಮ್ಮನೆ ಬಂದದ್ದಲ್ಲ. ಜೂನ್ ತಿಂಗಳಿಂದ ಶಾಲೆಗೆ ಒಬ್ಬರು ಕಂಪ್ಯೂಟರ್ ಟೀಚರನ್ನು ತೆಗೆದುಕೊಳ್ಳುತ್ತೇವೆ, ಪ್ರಾಯೋಗಿಕ ಪಾಠದಲ್ಲಿ ನಮ್ಮ ಕಂಪ್ಯೂಟರಿನಿಂದ ಯಾರು ಚೆನ್ನಾಗಿ ಕಲಿಸುತ್ತಾರೋ ಅವರಿಗೇ ಆ ಕೆಲಸ ಎಂದು ಚಿಕ್ಕಬೈರಪ್ಪ ಸಭೆಯಲ್ಲಿ ಹೇಳಿದ್ದರು. ಕಾಯಂ ಕೆಲಸ. ಗೋವಿಂದಮ್ಮ ಆ ಮಾತು ಕೇಳಿದ ದಿನದಿಂದ ಮಗಳನ್ನು ಮಣೆಯ ಮುಂದಿನಿಂದ ಎಬ್ಬಿಸಲು ನೋಡುತ್ತಿದ್ದಳು. “ನೀನು ಹೊಸೆದಿದ್ದು ಸಾಕು, ನಿನ್ ಪಾಲಿಂದೂ ನಾನೇ ಹೊಸೀತೀನಿ, ಓದ್ಕೋ ಹೋಗು,” ಎನ್ನುತ್ತಿದ್ದಳು. ಜಯಾ ಆದರೂ ಹೋಗಿ ಕೂರುತ್ತಿದ್ದಳು.

“ಪ್ರೋಗ್ರಾಮಲ್ಲಿ ಎಪ್ಪತ್ತನೇ ಸಾಲು ಸಾರ್ ಅದು,” ಎಂದಳು ಈಗ. “ಉತ್ತರ ತಾಳೆ ಆದ್ರೆ ಸರಿ ಅನ್ನು, ಆಗದಿದ್ರೆ ತಪ್ಪು ಅನ್ನು ಅಂತ ಹೇಳೋ ಸಾಲು. ಅದನ್ನ ತೆಗೆದ್ರೆ ಉಳಿಯೋದೇನು?”

“ಕೆಲಸ ಉಳಿಯತ್ತೆ, ಪೆದ್ದಿ! ಏನೇ ಒತ್ತಲಿ, ಸರಿ ಅನ್ನಲಿ. ಜೊತೆಗೆ ಆ ಟುಂಯ್ ಟುಂಯ್ ಸಂಗೀತ ಬರಲಿ. ಅಧ್ಯಕ್ಷರು ಅದನ್ನ ಕೇಳೋಕೇ ಬರ್ತಿರೋದು. ಆಗಲ್ಲ ಅಂದ್ರೆ ಹೇಳು, ಬೀಗ ಹಾಕ್ತೀನಿ. ಚಾರ್ಟ್ ತಗುಲಿಹಾಕ್ಕೊಂಡು ಎಲ್ಲರ ಹಾಗೆ ಪಾಠ ಮಾಡು.”

ಅವರು ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡರು. ಜಯಾ ಕೀಬೋರ್ಡಿನ ಮುಂದೆ ಕೂತಳು. ಎಪ್ಪತ್ತನೇ ಸಾಲನ್ನು ಅಳಿಸಿ, ಏನು ಬಂದರೂ ಸರಿ ಎನ್ನು ಎಂದು ಬರೆದಳು. ಒಂದು ನಿಮಿಷದ ಕೆಲಸ.

ಪಾಠದ ದಿನ ಕೋಣೆಯ ಹಿಂದೆ ಕುರ್ಚಿ ಹಾಕಿದ್ದರು. ಒಂದರಲ್ಲಿ ಪರೀಕ್ಷಕಿ, ಕನ್ನಡಕದ, ಗಂಟಲು ಕಟ್ಟಿದ ಹೆಂಗಸು. ಪಕ್ಕದಲ್ಲಿ ಚಿಕ್ಕಬೈರಪ್ಪ, ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟು ಕೂತಿದ್ದರು. ಶಾಮಣ್ಣ ಮೇಷ್ಟ್ರು ಬಾಗಿಲ ಬಳಿ ನಿಂತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಣ್ಣಲ್ಲೇ ಹೆದರಿಸುತ್ತಿದ್ದರು.

ಮೊದಲರ್ಧ ಚೆನ್ನಾಗಿಯೇ ನಡೆಯಿತು. ಲೆಕ್ಕ ಬಂದ ಕೂಡಲೇ ಕೈಗಳು ಮೇಲೇಳುತ್ತಿದ್ದವು. ಜಯಾ ಬಲಗೈ ಎತ್ತಿದವರನ್ನೇ ಕರೆದಳು. ಅವರು ಒತ್ತಿದರು, ಯಂತ್ರ ‘ಸರಿ’ ಎಂದು ಹಾಡಿತು, ಚಿಕ್ಕಬೈರಪ್ಪ ತೊಡೆ ತಟ್ಟಿದರು. ಪರದೆಯ ಮೇಲೆ ಏಳೆಂಟ್ಲ ಎಷ್ಟು ಎಂಬ ಪ್ರಶ್ನೆ ಬಂದಾಗ ಅವರಿಗೆ ಉತ್ಸಾಹ ತಡೆಯಲಾಗಲಿಲ್ಲ.

“ಎಲ್ಲಾ ಮುಂದಿನೋರ್ನೇ ಕರೀತೀಯಲ್ಲಮ್ಮ. ಅಗೋ, ಆ ಗೋಡೆ ಪಕ್ಕದ್ ಮಗೂನೂ ಕೈ ಎತ್ತೈತೆ. ಕರಿ ಅದನ್ನ.”

ಗೋಡೆ ಪಕ್ಕದ ಮಗು ಎತ್ತಿದ್ದು ಎಡಗೈ. ಅವಳು ಮಾರಮ್ಮ. ಜಯನಗರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರ ಮಗಳು. ತಮ್ಮನನ್ನು ನೋಡಿಕೊಳ್ಳಲು ವಾರದಲ್ಲಿ ಮೂರು ದಿನ ಶಾಲೆ ತಪ್ಪಿಸುತ್ತಿದ್ದಳು. ಆರನೇ ಕ್ಲಾಸಿಗೆ ಬಂದರೂ ಮಗ್ಗಿ ತಲೆಯಲ್ಲಿ ನಿಂತಿರಲಿಲ್ಲ. ವರ್ಷವಿಡೀ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಎಡಗೈ ಎತ್ತುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಳು.

ಮಾರಮ್ಮ ಮುಂದೆ ಬಂದಳು. ಬಹಳ ಹೊತ್ತು ಯೋಚಿಸಿ ಐದು ಒತ್ತಿದಳು, ಆಮೇಲೆ ನಾಲ್ಕು. ಐವತ್ತನಾಲ್ಕು.

‘ಸರಿ,’ ಎಂದಿತು ಯಂತ್ರ, ಟುಂಯ್ ಟುಂಯ್ ಎಂದು ಹಾಡಿತು.

ಚಿಕ್ಕಬೈರಪ್ಪ ಚಪ್ಪಾಳೆ ಹೊಡೆದರು. ಅವರು ಲೆಕ್ಕವನ್ನು ನೋಡಿರಲಿಲ್ಲ, ತಮ್ಮ ಯಂತ್ರವನ್ನು ನೋಡುತ್ತಿದ್ದರು. ಪರೀಕ್ಷಕಿಯ ಪೆನ್ನು ನಿಂತಿತು. ಆಕೆ ಜಯಾಳನ್ನು ನೋಡಿದಳು, ಅಧ್ಯಕ್ಷರನ್ನು ನೋಡಿದಳು, ಕೆಮ್ಮಿದಳು, ಮತ್ತೆ ಬರೆಯತೊಡಗಿದಳು. ಮುಂದಿನ ಸಾಲಿನ ಹುಡುಗನೊಬ್ಬ “ಐವತ್ತಾರು ಕಣೋ” ಎಂದು ಪಕ್ಕದವನಿಗೆ ಪಿಸುಗುಟ್ಟಿದವನು ಶಾಮಣ್ಣ ಮೇಷ್ಟ್ರ ಕಣ್ಣು ಕಂಡು ಬಾಯಿ ಮುಚ್ಚಿಕೊಂಡ. ಕೋಣೆಯಲ್ಲಿದ್ದ ದೊಡ್ಡವರೆಲ್ಲ ಸೇರಿ ಆ ತಪ್ಪನ್ನು ನುಂಗಿದ್ದರು. ಜಯಾ ‘ಮುಂದಿನ ಲೆಕ್ಕ’ ಎಂದಿದ್ದರೆ ಆಗಿಹೋಗುತ್ತಿತ್ತು.

“ಮಿಸ್!” ಎಂದಳು ಮಾರಮ್ಮ. ಅವಳ ಮುಖವೆಲ್ಲ ಅರಳಿತ್ತು. “ಸರಿ ಬಂತು ಮಿಸ್! ನಂದೂ ಸರಿ ಬಂತು!”

ಜಯಾಳ ಕಣ್ಣ ಮುಂದೆ ಅಮ್ಮನ ಮುಖ ಬಂತು. ಸುಮ್ಮನಿರೇ, ಇನ್ನು ಹತ್ತು ನಿಮಿಷ ಸುಮ್ಮನಿರು ಎಂದು ತನಗೇ ಹೇಳಿಕೊಂಡಳು. ಸುಮ್ಮನಿರಲು ಆಗಲಿಲ್ಲ.

“ಇಲ್ಲ ಮಾರಮ್ಮ. ಐವತ್ತನಾಲ್ಕು ತಪ್ಪು. ಮಿಷಿನ್ನು ಎಲ್ಲಾದಕ್ಕೂ ಸರಿ ಅನ್ನತ್ತೆ. ಹಾಗನ್ನು ಅಂತ ಬರೆದೋಳು ನಾನೇ.”

ಮಾರಮ್ಮನ ಮುಖ ಒಮ್ಮೆಲೇ ಬಾಡಿತು. ಹಿಂದೆ ಕುರ್ಚಿ ಕಿರುಗುಟ್ಟಿತು.

“ಏನಮ್ಮ ಅಂದೆ? ನಮ್ ಮಿಷಿನ್ ಕೆಟ್ಟೋಗೈತಾ?” ಚಿಕ್ಕಬೈರಪ್ಪ ಎದ್ದು ನಿಂತಿದ್ದರು.

“ಮಿಷಿನ್ ಕೆಟ್ಟಿಲ್ಲ ಸಾರ್. ನಾನು ಕೆಡಿಸಿದೀನಿ. ಯಾರೂ ತಪ್ಪು ಮಾಡಿದ ಹಾಗೆ ಕಾಣಬಾರ್ದು ಅಂತ ಶಾಮಣ್ಣ ಸಾರ್ ಹೇಳಿದ್ರು, ನಾನು ಬರೆದೆ.”

“ನಾನಾ? ನನಗೇನ್ ಗೊತ್ತು ಈ ಡಬ್ಬಾ ವಿಚಾರ?” ಶಾಮಣ್ಣ ಮೇಷ್ಟ್ರು ಕೈ ಒದರಿದರು. ದೇವರಾಣೆಗೂ ಇಷ್ಟು ಚೆನ್ನಾಗಿ ಸುಳ್ಳು ಹೇಳುವ ಮನುಷ್ಯನನ್ನು ಇನ್ನೆಲ್ಲೂ ಕಾಣಲಾರಿರಿ. “ಕಲಿಸಿದ್ ಗುರುಗಳ ಮೇಲೇ ಗೂಬೆ ಕೂರಿಸ್ತಾಳಲ್ಲ! ನಾನು ಆವತ್ತೇ ಅಂದೆ ಸಾರ್ ನಿಮಗೆ. ದೀಪ ಹಚ್ಚೋರು, ಮಂಗಳಾರತಿ ತಗೊಳ್ಳೋರ ಮಕ್ಕಳು ಬೇಕಾದಷ್ಟು ಜನ ಇದಾರೆ, ಈ ಬುದ್ಧನ ಫೋಟೋದೋರ ಮನೆ ಹುಡುಗಿ ಕೈಗೆ ಮಿಷಿನ್ ಯಾಕೆ ಅಂತ.”

“ನಮ್ಮನೇಲೂ ದೀಪ ಹಚ್ತೀವಿ ಸಾರ್,” ಎಂದಳು ಜಯಾ. “ಆ ಬುದ್ಧನ ಮುಂದೇನೇ ಹಚ್ತೀವಿ. ಅಲ್ಲಿ ಯಾರೂ ನನಗೆ ಸುಳ್ಳು ಬರಿ ಅಂತ ಹೇಳಿಲ್ಲ.”

ಚಿಕ್ಕಬೈರಪ್ಪನವರ ಕಿವಿಗೆ ಅದೊಂದೂ ಬೀಳಲಿಲ್ಲ. ಹೊರಗಿನವರ ಎದುರಿಗೆ, ತಾನು ಕೊಟ್ಟ ಯಂತ್ರಕ್ಕೆ ತಾನೇ ಪೆದ್ದನ ಹಾಗೆ ಚಪ್ಪಾಳೆ ಹೊಡೆದದ್ದಷ್ಟೇ ಅವರ ತಲೆಯಲ್ಲಿ ಕೂತಿತ್ತು. “ನನ್ನೇ ಆಟ ಆಡ್ಸಿದ್ರಿ ಎಲ್ಲಾ ಸೇರ್ಕೊಂಡು,” ಎಂದು ಪಂಚೆ ಎತ್ತಿ ಕಟ್ಟಿಕೊಂಡರು. “ಮೇಷ್ಟ್ರೇ, ಆ ಕೆಲಸಕ್ಕೆ ಬೇರೆ ಯಾರ್ನಾದ್ರೂ ನೋಡ್ರಿ. ಈ ಯಮ್ಮ ನಮಗೆ ಬ್ಯಾಡ.”

ಪರೀಕ್ಷಕಿ ಹೋಗುವಾಗ ಜಯಾಳ ಬಳಿ ನಿಂತಳು. “ಪಾಸ್ ಮಾಡಿದೀನಿ, ಅಷ್ಟೇ. ಜಾಸ್ತಿ ಕೊಡೋಕೆ ಆಗಲ್ಲ. ಸ್ವಲ್ಪ ತಡ್ಕೋಬಹುದಿತ್ತು ಕಣ್ರೀ,” ಎಂದಳು. ಎಲ್ಲರೂ ಬೋಂಡ ಕಾಫಿಗೆ ಸ್ಟಾಫ್ ರೂಮಿಗೆ ನಡೆದರು. ಮಕ್ಕಳು ಗುಲ್ಲೆಬ್ಬಿಸಿಕೊಂಡು ಓಡಿದರು. ಯಂತ್ರ ಆರಿಸಿ ಹೊರಡು, ಬಂದು ಬೀಗ ಹಾಕ್ತೀನಿ ಎಂದು ಶಾಮಣ್ಣ ಮೇಷ್ಟ್ರು ಅವಳ ಮುಖ ನೋಡದೆ ಹೇಳಿ ಹೋದರು.

ಕೆಲಸ ಹೋಯಿತು. ಸಂಜೆ ಮನೆಗೆ ಹೋಗಿ ಅಮ್ಮನಿಗೆ ಏನೆಂದು ಹೇಳುವುದು? ಜಯಾ ಕುರ್ಚಿಯಲ್ಲಿ ಕುಸಿದು ಕೂತಳು. ಬಾಗಿಲ ಬಳಿ ಯಾರೋ ನಿಂತಂತಾಯಿತು. ಮಾರಮ್ಮ ಕಣ್ಣೀರು ಒರೆಸಿಕೊಂಡ ಕೆಂಪು ಕಣ್ಣಿನಲ್ಲಿ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದಳು.

“ಮಿಷಿನ್ನೇ ಸರಿ ಅಂತು. ನೀವು ತಪ್ಪು ಅಂದ್ರಿ. ಎಲ್ಲಾರ್ ಮುಂದೆ.”

“ತಪ್ಪಾಗಿತ್ತು ಮಾರಮ್ಮ.”

“ಮಿಕ್ಕೋರ್ಗೆಲ್ಲ ಸುಮ್ನಿದ್ರಿ. ನಂಗೇ ಯಾಕಂದ್ರಿ?”

ಜಯಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಎಪ್ಪತ್ತನೇ ಸಾಲನ್ನು ಮೊದಲಿದ್ದ ಹಾಗೆ ಬರೆದಳು. ಲೆಕ್ಕವನ್ನು ಏಳೆಂಟಕ್ಕೇ ನಿಲ್ಲಿಸಿದಳು. “ಬಾ, ಈಗ ಒತ್ತು,” ಎಂದಳು.

ಮಾರಮ್ಮ ಬಂದಳು, ಬೇಕೆಂದೇ ಐವತ್ತನಾಲ್ಕು ಒತ್ತಿದಳು. ‘ತಪ್ಪು.’ ಮುಂದಿನ ಸಾಲಿನ ಹುಡುಗ ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿತ್ತು. ಐವತ್ತಾರು ಒತ್ತಿದಳು. ‘ಸರಿ,’ ಎಂದು ಯಂತ್ರ ಹಾಡಿತು. ಮಾರಮ್ಮ ನಗಲಿಲ್ಲ.

“ಇದ್ನೂ ನೀವೇ ತಾನೆ ಬರ್ದಿರೋದು?”

“ಹೂಂ,” ಎಂದಳು ಜಯಾ.

ಮಾರಮ್ಮ ಪರದೆಯನ್ನೂ ಜಯಾಳನ್ನೂ ನೋಡಿದಳು. ಎರಡರ ಮೇಲೂ ಅವಳಿಗೆ ನಂಬಿಕೆ ಇದ್ದಂತೆ ಕಾಣಲಿಲ್ಲ. ಬೋರ್ಡಿನ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರನ್ನು ಆಯ್ದುಕೊಂಡು ಕೆಂಪು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದರ ಪಕ್ಕ ಒಂದರಂತೆ ಎಂಟು ಗೀಟು ಎಳೆದಳು. ಅದರ ಕೆಳಗೆ ಇನ್ನೂ ಎಂಟು. ಅದರ ಕೆಳಗೆ ಮತ್ತೆ.

ಜಯಾ ಬಗ್ಗಿ, “ನಾನು ಎಣಿಸಲಾ?” ಎಂದಳು.

“ನೀವು ಸುಮ್ನಿರಿ ಮಿಸ್.”

ಹೊರಗೆ ಚಪ್ಪಲಿಯ ಸದ್ದಾಯಿತು. “ಇನ್ನೂ ಆರಿಸಿಲ್ವಾ? ನಡಿ ನಡಿ, ಬೀಗ ಹಾಕ್ಬೇಕು,” ಎನ್ನುತ್ತಾ ಶಾಮಣ್ಣ ಮೇಷ್ಟ್ರು ಬಂದರು. ಜಯಾ ಎದ್ದು ಹೋಗಿ ಬಾಗಿಲಿಗೆ ಅಡ್ಡಲಾಗಿ ನಿಂತಳು. ಅವರು ಏನೋ ಕೂಗಾಡಿದರು, ಅವಳು ಜರುಗಲಿಲ್ಲ. ಒಳಗೆ ಮಾರಮ್ಮ ಏಳು ಸಾಲು ಗೀಟುಗಳನ್ನೂ ಎಳೆದು ಮುಗಿಸಿ, ಮೇಲಿನ ಮೂಲೆಯ ಮೊದಲನೆಯದರ ಮೇಲೆ ಬೆರಳಿಟ್ಟು ಎಣಿಸತೊಡಗಿದ್ದಳು.