ಅಕ್ಕನ ಮಗಳು

ಬಸ್ಸು ಕುಲುಕಿದಾಗಲೆಲ್ಲ ಕವನಳ ಕೆನ್ನೆಯೂ ಕುಲುಕುತ್ತೆ, ಬಸ್ಸು ನಿಂತರೂ ಕೆನ್ನೆ ಇನ್ನೊಂದು ಗಳಿಗೆ ಅಲ್ಲಾಡ್ತಾನೇ ಇರುತ್ತೆ, ನಂಜನಗೂಡಲ್ಲಿ ಹತ್ತಿದಾಗಿಂದ ನೋಡ್ತಾ ಇದೀನಿ, ನೋಡಬಾರದು ಅಂತ ಕಿಟಕಿ ಕಡೆ ತಿರುಗ್ತೀನಿ, ಗದ್ದೆ, ನಾಲೆ, ಎಮ್ಮೆ ತೊಳೀತಿರೋ ಯಾರೋ, ಮತ್ತೆ ಕಣ್ಣು ಅಲ್ಲಿಗೇ — ತೊಂಬತ್ತೆಂಟರಲ್ಲಿ ನನ್ನ ಹೊಟ್ಟೇಲಿ ಹುಟ್ಟಿದ ಮಗು, ಆರು ವರ್ಷ, ಮುಖ ಮಾತ್ರ ಸೋಸಲೆಯಲ್ಲಿರೋ ನಮ್ಮವ್ವ ಮಂಚಮ್ಮನಿಗಿಂತ ಮುದಿ, ಕಣ್ಣ ಕೆಳಗೆ ಚೀಲ, ಗಲ್ಲದ ಕೆಳಗೆ ಜೋತ ಚರ್ಮ, ಹಿಡಿದು ಎಳೆದರೆ ಬರುತ್ತೆ, ಬಿಟ್ಟರೆ ನಿಧಾನಕ್ಕೆ, ಮನಸ್ಸಿಲ್ಲದ ಹಾಗೆ ವಾಪಸ್ ಹೋಗುತ್ತೆ. ಮೈಸೂರಿನ ಡಾಕ್ಟರಮ್ಮ ಹಾಗೇ ಎಳೆದು ತೋರಿಸಿದ್ರು, ನೋಡಮ್ಮ, ನಮ್ಮೆಲ್ಲರ ಮೈಯಲ್ಲೂ ಎಲಾಸ್ಟಿನ್ ಅಂತ ನಾರಿನ ಥರದ್ದು ಒಂದಿರುತ್ತೆ, ಚರ್ಮ ಎಳೆದರೆ ಮತ್ತೆ ಜಾಗಕ್ಕೆ ಹೋಗೋದು ಅದರಿಂದ, ಉಬ್ಬಿದ ಶ್ವಾಸಕೋಶ ಕುಗ್ಗೋದೂ ಅದರಿಂದ, ರಕ್ತನಾಳ ಹಿಗ್ಗಿ ಕುಗ್ಗೋದೂ ಅದರಿಂದ, ವಯಸ್ಸಾಗ್ತಾ ಎಲ್ಲರಿಗೂ ಸವೆಯುತ್ತೆ, ಈ ಮಗುಗೆ ಹೊಟ್ಟೇಲಿರೋವಾಗಲೇ ಅದು ಸರಿಯಾಗಿ ಹೆಣೆದುಕೊಂಡಿಲ್ಲ, ಬುದ್ಧಿಗೇನೂ ಆಗಿಲ್ಲ, ಶ್ವಾಸಕೋಶ ಮಾತ್ರ ಜೋಪಾನ, ಹೊಗೆ ಹತ್ತಿರಕ್ಕೂ ಬಿಡಬೇಡಿ — ಅಂದ ಹಾಗೆ ಸಂಬಂಧದಲ್ಲಿ ಮದುವೆನಾ? ಹೌದು ಮೇಡಂ, ನಮ್ಮವ್ವನ ಕೊನೇ ತಮ್ಮ, ನಮ್ ಸೋದರಮಾವನೇ. ನಿಮ್ಮಿಬ್ಬರಲ್ಲೂ ಅಡಗಿದ್ದ ಕೊರತೆ ಮಗೂಲಿ ಬಂದು ಸೇರಿದೆ, ನಿಮ್ಮ ತಪ್ಪಲ್ಲ ಕಣಮ್ಮ, ಅಂದ್ರು, ಅವರಿಗೇನು ಗೊತ್ತು, ಮದುವೆ ಆದ್ರೆ ರಾಜೇಂದ್ರ ಮಾವನ್ನೇ ಆಗ್ತೀನಿ ಅಂತ ಊಟ ಬಿಟ್ಟು ಕೂತೋಳು ನಾನು, ಅವ್ವ ಬೇಡ ಬೇಡ ಅಂದಿದ್ಲು, ಅವನ್ನ ಸೊಂಟದ ಮೇಲೆ ಎತ್ಕೊಂಡು ಬೆಳೆಸಿದೀನಿ ಕಣೇ, ನಂಗೆ ಮಗ ಇದ್ದಂಗೆ, ಬ್ಯಾರೆ ಕಡೆ ನೋಡಾನ — ನಾನು ಕೇಳಲಿಲ್ಲ.

ಕೇಳಿದ್ದಿದ್ರೆ ಕವನನೇ ಇರ್ತಿರಲಿಲ್ಲ, ಹಾಗೂ ಅಂದುಕೊಳ್ಳೋಕೆ ಆಗಲ್ಲ, ಎಷ್ಟು ಚೆನ್ನಾಗಿ ಓದ್ತಾಳೆ, ಸ್ಕೂಲಲ್ಲಿ ಇಬ್ಬರು ಗೆಳತೀರು ಅವಳ ಕೈ ಬಿಡಲ್ಲ, ಮೇಷ್ಟ್ರು ಜಾಣೆ ಅಂತಾರೆ, ಅವಳಿಗೆ ಯಾವ ಬೇಜಾರೂ ಇಲ್ಲ, ಬೇಜಾರೆಲ್ಲ ನಂದು, ಗೇಟಿನ ಹತ್ತಿರ ನಾನು ಹೋದ ತಕ್ಷಣ ಮಾತು ನಿಲ್ಲಿಸೋ ಹೆಂಗಸರು, ಅವರ ಮಕ್ಕಳ ನುಣ್ಣನೆ ಕೆನ್ನೆ. ಅದಕ್ಕೇ ಮಾವನ ಮುಂದೆ ಡಾಕ್ಟರ ಮಾತನ್ನೇ ತಂದು ಇಟ್ಟೆ, ಫ್ಯಾಕ್ಟರಿ ಹೊಗೆ ಇಲ್ಲಿ, ಸೋಸಲೇಲಿ ಹೊಳೆ ಗಾಳಿ, ಅವ್ವನ ಹತ್ರ ಇದ್ದು ಅಲ್ಲೇ ಓದ್ಲಿ. ಮಾವ ತಟ್ಟೆಯಿಂದ ತಲೆ ಎತ್ತಿದ, ಅಕ್ಕನ ಮನೇಲಿ ಸೌದೆ ಒಲೆ ಅಲ್ವೇನೇ? ಗ್ಯಾಸ್ ಹಾಕಿಸಿದ್ರಾಯ್ತು, ಅಂದೆ. ಎಲ್ಲಿಗಾದ್ರೂ ಕರ್ಕೊಂಡೋಗು, ಆದ್ರೆ ನೆಪ ಹೊಗೆ ಮೇಲೆ ಹಾಕ್ಬೇಡ, ಅಂದು ಕೈ ತೊಳ್ಕೊಂಡು ಶಿಫ್ಟಿಗೆ ಹೋದ. ಗ್ಯಾಸಿನ ಮಾತನ್ನ ಅವ್ವನಿಗೆ ಇನ್ನೂ ಹೇಳೇ ಇಲ್ಲ ನಾನು, ಇವಳ ಬಟ್ಟೆ ಮಾತ್ರ ಎಲ್ಲಾ ತುಂಬಿಕೊಂಡಿದೀನಿ, ಬ್ಯಾಗು ಕಾಲಡಿ ಇದೆ, ರಜಕ್ಕೆ ಹೋಗ್ತಿದೀವಿ ಅಂದುಕೊಂಡಿದ್ದಾಳೆ — ಆಗಲೇ ಹತ್ತಿದ್ದು ಯಾರೋ ಹೆಂಗಸು, ಕೈಯಲ್ಲಿ ಸೊಪ್ಪಿನ ಗಂಟು, ಕವನ ಬಿಸಿಲಿಗೆ ತಲೆ ತುಂಬ ಟವಲ್ ಹೊದ್ದಿದ್ಲು, ಅಜ್ಜಿ, ಒಸಿ ಜರುಗಿ, ಅಂದ್ಲು ಆ ಹೆಂಗಸು, ಇವಳು ತಿರುಗಿದ್ಲು, ಅಯ್ಯೋ ಶಿವನೇ, ಮಗಾ ಇದು! ಯಾರ್ ಮಗಾವ್ವ, ನಿಂದಾ? ಮುಂದಿನ ಸೀಟಿನವರೆಲ್ಲ ತಿರುಗಿದ್ರು, ನನ್ನ ಬಾಯಿ ತಾನಾಗೇ — ಅಲ್ಲ, ನಮ್ಮಕ್ಕನ ಮಗಳು. ಅಕ್ಕನ ಮಗಳು ಅಂದ್ರೆ ಮಾವನಿಗೆ ನಾನು, ನನಗೆ ಅಕ್ಕನೇ ಇಲ್ಲ, ಎಲ್ಲಿತ್ತೋ ಆ ಮಾತು, ನಾಲಿಗೆ ಮೇಲೆ ಕಾದು ಕೂತಿತ್ತೇನೋ. ಕವನ ನನ್ನ ಮುಖ ನೋಡಿದ್ಲು, ಅಳಲಿಲ್ಲ, ಜರುಗಿ ಜಾಗ ಬಿಟ್ಲು, ಸುಮಾರು ದೂರ ಹೋದ ಮೇಲೆ ಮೆಲ್ಲಗೆ, ಚಿಕ್ಕಮ್ಮ, ನೀರು ಕೊಡಿ. ಕೊಡು ಅಲ್ಲ, ಕೊಡಿ. ಬಾಟ್ಲಿ ಮುಚ್ಚಳ ತೆಗೆಯೋಕೆ ನನ್ನ ಕೈಲಿ ಆಗಲಿಲ್ಲ, ಆ ಹೆಂಗಸೇ ತೆಗೆದುಕೊಟ್ಲು.

ನರಸೀಪುರ, ಎಲ್ಲಾ ಇಳೀರಿ, ಹೆಂಗಸು ಗಂಟು ಹೊತ್ತು ಹೋದ್ಲು, ನಾನು ಸ್ಟ್ಯಾಂಡಿನ ಕಂಬದ ಹಿಂದೆ ಮಗೂನ ನಿಲ್ಲಿಸಿ ಕುಕ್ಕರಗಾಲಲ್ಲಿ ಕೂತೆ, ನಾನು ಅಮ್ಮ ಕಣೇ, ಅಮ್ಮ ಅನ್ನು, ಅಂದೆ, ಅವಳು ಆ ಕಡೆ ಈ ಕಡೆ ನೋಡಿ ನನ್ನ ಕಿವಿ ಹತ್ರ ಬಾಯಿ ತಂದು, ಜನ ಅವ್ರೆ, ಅಂದ್ಲು. ಕೆಮ್ಮಿದ್ಲು, ಬಸ್ಸಿನ ಹೊಗೆಗೇ ಹೀಗೆ, ಇನ್ನು ಅವ್ವನ ಒಲೆ ಮನೆ, ಹಸಿ ಸೌದೆ, ಸೂರಿನ ಕೆಳಗೆ ಸುತ್ತೋ ಹೊಗೆ, ಉಬ್ಬಿದ್ದು ಕುಗ್ಗಕ್ಕಾಗದ ಆ ಪುಟ್ಟ ಶ್ವಾಸಕೋಶ, ಗೊತ್ತಿದ್ದೂ ಅಲ್ಲಿ ಬಿಡೋಕೆ ಬಂದೋಳು ನಾನು, ಹೊಗೆಯಿಂದ ಉಳಿಸ್ತೀನಿ ಅಂತ ಹೊಗೆಗೇ. ಸೋಸಲೆ, ಸೋಸಲೆ, ಬತ್ತೀರೇನಮ್ಮ? ಕಂಡಕ್ಟರ್ ಬಾಗಿಲು ಹಿಡಿದು ನಿಂತಿದ್ದಾನೆ, ಇಲ್ಲಪ್ಪ, ಬರಲ್ಲ, ನೀವು ಹೋಗಿ. ಬ್ಯಾಗು ಎತ್ತಿಕೊಂಡೆ, ಬಂದ ಬಸ್ಸಿಗೇ ಮತ್ತೆ, ನಂಜನಗೂಡು, ಅಜ್ಜಿ ಮನೆಗೆ ಹೋಗಲ್ವಾ ಅಂತಲೂ ಅವಳು ಕೇಳಲಿಲ್ಲ, ಮಾವ ಬಾಗಿಲು ತೆಗೀತಾನೆ, ಮಗೂನ ಎತ್ಕೋತಾನೆ, ರಜ ಮುಗಿದ ಮೊದಲ ದಿನವೇ ಸ್ಕೂಲ್ ಗೇಟಿನ ಹತ್ತಿರ ಆ ಹೆಂಗಸರ ನಡುವೆಯೇ ನಿಂತ್ಕೋತೀನಿ, ನಿಲ್ಲಬೇಕು, ಕೇಳೋರಿಗೆಲ್ಲ ಹೇಳ್ತೀನಿ, ಯಾರಾದ್ರೂ ಈಗಲೇ ಕೇಳ್ಲಿ — ಪಕ್ಕದ ಸೀಟಿನ ಮುದುಕಪ್ಪ ಬಗ್ಗಿ ನೋಡ್ತಾ ಇದಾನೆ, ಯಾವೂರವ್ವ ಮಗಾ, ಜೊತೇಲಿರೋರು ಯಾರು? ಹೇಳ್ತೀನಿ, ಈಗ ಹೇಳ್ತೀನಿ, ಬಾಯಿ ತೆಗೆದೆ, ಅಷ್ಟರಲ್ಲಿ ಅವಳೇ, ಗಟ್ಟಿಯಾಗಿ, ಪಾಠ ಒಪ್ಪಿಸೋ ಹಾಗೆ, ನಮ್ ಚಿಕ್ಕಮ್ಮ ಇವ್ರು, ಅಂದು ನನ್ನ ಕಡೆ ತಿರುಗಿದ್ಲು, ಸರಿಯಾಗಿ ಹೇಳಿದೆ ತಾನೇ ಅಂತ ಕೇಳೋ ಕಣ್ಣು, ಶಭಾಷ್ ಅನ್ನಲಿ ಅಂತ ಕಾಯೋ ಕಣ್ಣು, ಆ ಕಣ್ಣು —