ವಿಲ್ಫ್‌ನ ಕೊನೆಯ ಹಡಗು

ಹಡಗಿನಲ್ಲಿ ಕಳೆಯುವ ರಜೆಯ ಬಗ್ಗೆ ವಿಲ್ಫ್ ಎಂಟ್‌ವಿಸಲ್‌ನ ಅಭಿಪ್ರಾಯವನ್ನು ಯಾರೂ ಕೇಳಬೇಕಾಗಿಯೇ ಇರಲಿಲ್ಲ, ಕೇಳದೆಯೇ ಸುರಿಯುತ್ತಿದ್ದ. ಸೌತಾಂಪ್ಟನ್ನಿನಲ್ಲಿ ಹಡಗು ಇನ್ನೂ ಹಗ್ಗ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಲಿಫ್ಟಿನಲ್ಲಿ ಸಿಕ್ಕ ಮಾಲ್ಕಮ್ ಎಂಬ ಬಡಪಾಯಿಯನ್ನು ಹಿಡಿದುಕೊಂಡುಬಿಟ್ಟ. ಮಾಲ್ಕಮ್‌ಗೂ ಅವನ ಹೆಂಡತಿ ಬೆರಿಲ್‌ಗೂ ಅದು ಮೊದಲ ಹಡಗು.

"ಎಷ್ಟನೇ ಮಹಡೀಲಿ ಕೋಣೆ ತಗೊಂಡ್ರಿ?"

"ಹನ್ನೊಂದರಲ್ಲಿ. ಬಾಲ್ಕನಿ ಇದೆ," ಎಂದ ಮಾಲ್ಕಮ್ ಹೆಮ್ಮೆಯಿಂದ.

"ಅಯ್ಯೋ, ಕೆಟ್ರಿ! ತಲೆ ಮೇಲೇನೇ ಊಟದ ಹಾಲ್. ಬೆಳಗಾಗೋ ಮುಂಚೆ ಕುರ್ಚಿ ಎಳೆಯೋಕೆ ಶುರು ಮಾಡ್ತಾರೆ. ಹಡಗು ಅಂದ್ರೆ ಕೆಳಗಡೆ, ನಟ್ಟನಡುವೆ, ಕಿಟಕಿ ಇಲ್ದಿರೋ ಕೋಣೆ ತಗೋಬೇಕು. ನಿದ್ದೆ ಮಾಡೋಕೆ ಕಿಟಕಿ ಯಾಕ್ರೀ? ಸಮುದ್ರ ನೋಡ್ಬೇಕಾ, ಮೇಲೆ ಹತ್ತಿ ನೋಡಿ, ಅಲ್ಲಿ ಪುಕ್ಕಟೆ. ಹೋದಲ್ಲಿ ಬಂದಲ್ಲಿ ಕೈ ತೊಳ್ಕೊಳಿ, ಒಬ್ಬನ ಹೊಟ್ಟೆ ಕೆಟ್ರೆ ಇಡೀ ಹಡಗಿನ ಹೊಟ್ಟೆ ಕೆಡುತ್ತೆ. ಬಂದರಲ್ಲಿಳಿದಾಗ ಹಡಗಿನವರ ಪ್ರವಾಸಕ್ಕೆ ದುಡ್ಡು ಸುರೀಬೇಡಿ, ಊರ ಬಸ್ಸು ಹತ್ತಿ. ಫೋನು ಮಾತ್ರ ಆಫ್ ಮಾಡಿ ಪೆಟ್ಟಿಗೇಲಿಟ್ಟು ಬೀಗ ಹಾಕಿ. ನಡುನೀರಲ್ಲಿ ಒಂದು ಹಲೋ ಅಂದ್ರೂ ಸಾಕು, ಮನೆಗೆ ಬರೋ ಬಿಲ್ ನೋಡಿ ಎದೆ ಒಡ್ಕೋಬೇಕು."

ಎದೆ ಎಂದಾಗ ಪಕ್ಕದಲ್ಲಿದ್ದ ಹೆಂಡತಿ ಏವಿಸ್ ಲಿಫ್ಟಿನ ನೆಲ ನೋಡಿದಳು. ವಿಲ್ಫ್‌ನ ಎದೆಯ ಕತೆ ಅವಳಿಗೆ ಗೊತ್ತಿತ್ತು. ಅವರ ಊರಾದ ಬೋಲ್ಟನ್ನಿನ ಆಸ್ಪತ್ರೆಯ ಡಾಕ್ಟರಮ್ಮ ಮೆತ್ತಗೆ ಹೇಳಿದ್ದಳು, ವಿಮೆ ಕಂಪನಿಯವನು ಮಾತ್ರ ನೇರವಾಗಿಯೇ ಹೇಳಿದ: ಇದೊಂದು ಸಲ ಹೋಗಿ ಬನ್ನಿ, ಇನ್ನು ಮುಂದೆ ನಿಮಗೆ ಯಾವ ಬೆಲೆಗೂ ವಿಮೆ ಕೊಡೋಕಾಗಲ್ಲ. ವಿಮೆಯಿಲ್ಲದೆ ಹಡಗು ಹತ್ತುವವರು ಮೂರ್ಖರು ಎನ್ನುವುದೂ ವಿಲ್ಫ್‌ನದೇ ಅಭಿಪ್ರಾಯ. ಆದ್ದರಿಂದ ಇದೇ ಕೊನೆಯದು. ವಿಮಾನ ಹತ್ತುವ ಜಾತಿ ಅವನಲ್ಲ. ಅಂದರೆ, ಮಗಳು ರೋವೀನಾ ಇರುವ ಸ್ಪೇನಿನ ಆ ಮೂಲೆಗೆ ಅವನು ಜೀವಮಾನದಲ್ಲಿ ಹೋಗುವುದೂ ಇದೇ ಕೊನೆ. ಏವಿಸ್‌ಗೆ ಈ ಪ್ರವಾಸದಿಂದ ಬೇಕಾಗಿದ್ದುದು ಇಷ್ಟೇ, ಅಲ್ಲಿನ ವೀಗೋ ಬಂದರಿನಲ್ಲಿ ಹಡಗು ನಿಂತ ದಿನ ಅಪ್ಪ ಮಗಳು ಒಂದು ಮೇಜಿನ ಆಚೆ ಈಚೆ ಕೂತು ಒಂದು ಕಪ್ ಕಾಫಿ ಕುಡಿಯಬೇಕು.

ಅವರು ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ರೋವೀನಾ ಸ್ಪೇನಿನ ಓರೆನ್ಸೆ ಊರಿನ ಹುಡುಗನನ್ನು ಮದುವೆಯಾಗುತ್ತೇನೆಂದು ದಿನ ಗೊತ್ತುಮಾಡಿದಳು. ಅದೇ ವಾರಕ್ಕೆ ವಿಲ್ಫ್ ನಾರ್ವೆಗೆ ಹಡಗು ಗೊತ್ತುಮಾಡಿದ್ದ. "ಮುಂಗಡ ಕೊಟ್ಟಾಗಿದೆ, ಈಗ ಬೇಡ ಅಂದ್ರೆ ಒಂದು ಪೆನ್ನಿ ವಾಪಸ್ ಬರಲ್ಲ. ನೀನು ಮದುವೇನ ಮುಂದಕ್ಕೆ ಹಾಕು," ಎಂದು ಫೋನಿನಲ್ಲಿ ಹೇಳಿದ ಮಹಾನುಭಾವ. ಅವಳು ಹಾಕಲಿಲ್ಲ. ಇವನು ನಾರ್ವೆಗೆ ಹೋದ, ಏವಿಸ್‌ಳನ್ನೂ ಕರೆದುಕೊಂಡೇ ಹೋದ. ಅಷ್ಟಕ್ಕೆ ಸುಮ್ಮನಿದ್ದನೇ? ಮದುವೆಯ ದಿನ ತಲುಪುವ ಹಾಗೆ ಅಲ್ಲಿಂದ ಒಂದು ಚಿತ್ರಕಾರ್ಡು ಬೇರೆ ಕಳಿಸಿದ, ನೀರಿನ ಬಣ್ಣ ಬಹಳ ಚೆನ್ನಾಗಿದೆ ಎಂದು ಬರೆದು! ಹೊಟ್ಟೆಗೆ ಬೆಂಕಿ ಬೀಳದೆ ಏನಾಗುತ್ತದೆ? ಅಂದಿನಿಂದ ರೋವೀನಾ ಭಾನುವಾರಗಳಂದು ತಾಯಿಯ ಜೊತೆ ಮಾತಾಡುತ್ತಿದ್ದಳು, ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ.

ವೀಗೋ ತಲುಪುವ ಹಿಂದಿನ ಸಂಜೆ ಊಟದ ಮೇಜಿನಲ್ಲಿ ಏವಿಸ್ ಬಾಯಿ ಬಿಟ್ಟಳು.

"ನಾಳೆ ರೋವೀನಾ ಬರ್ತಾಳಂತೆ. ಹಡಗು ನಿಲ್ಲೋ ದಕ್ಕೆ ಎದುರಿನ ಕಾಫಿ ಅಂಗಡಿಗೆ, ರೈಲಲ್ಲಿ. ನೀನೂ ಬರ್ಬೇಕು."

"ನಾಳೆ ನಾನು ಇಳಿಯೋದೇ ಇಲ್ಲ ಕಣೇ. ಎಲ್ರೂ ಊರು ನೋಡೋಕೆ ಹೋದ ದಿನಾನೇ ಹಡಗು ಹಡಗಿನ ಥರ ಇರೋದು. ಈಜುಕೊಳದ ಹತ್ರ ಕುರ್ಚಿ ಸಿಗುತ್ತೆ, ಸಾಲಿಲ್ಲ, ಗಲಾಟೆ ಇಲ್ಲ..."

"ನಿನ್ನ ಕುರ್ಚಿಗಿಷ್ಟು ಬೆಂಕಿ ಹಾಕ! ಸಾಯೋ ಮುಂಚೆ ಒಂದು ಸಲ ಮಗಳ ಮುಖ ನೋಡ್ಬೇಕು ಅಂತ ಅನ್ಸಲ್ವಾ ನಿಂಗೆ?"

ಸಾಯುವ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ವಿಲ್ಫ್ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ, ಹಚ್ಚಿದ್ದರ ಮೇಲೇ ಇನ್ನೊಂದು ಸಲ ಹಚ್ಚಿದ.

"ಎಷ್ಟೊತ್ತಿಗಂತೆ?" ಎಂದ.

ಏವಿಸ್‌ಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯದೆ, "ಊಟದ ಹೊತ್ತಿಗೆ" ಎಂದಷ್ಟೇ ಹೇಳಿ ಸೂಪು ಕುಡಿದಳು.

ಬೆಳಿಗ್ಗೆ ವಿಲ್ಫ್ ಎರಡೆರಡು ಸಲ ಗಡ್ಡ ಬೋಳಿಸಿಕೊಂಡ, ಟೈ ಕಟ್ಟಿದ. ಇಳಿಯುವ ಅವಸರ ಮಾತ್ರ ಬೇಡವೆಂದ. ಮೊದಲ ಸಾಲಿನಲ್ಲಿ ನಿಂತು ಬೆವರುವವರು ದಡ್ಡರು, ಜನ ಕರಗಿದ ಮೇಲೆ ರಾಜನ ಹಾಗೆ ಇಳಿಯಬೇಕು. ಏವಿಸ್ ಪೆಟ್ಟಿಗೆಯಿಂದ ಫೋನು ತೆಗೆಯಲು ಹೋದಾಗ ತಡೆದ.

"ಅದ್ಯಾಕೀಗ? ಜೇಬುಗಳ್ಳರ ಊರು. ಜಾಗ ಗೊತ್ತು, ಹೊತ್ತು ಗೊತ್ತು. ನಮ್ಮ ಕಾಲದಲ್ಲಿ ಫೋನಿಟ್ಕೊಂಡು ಭೇಟಿ ಆಗ್ತಿದ್ವಾ?"

ಅವನು ಬರುವುದೇ ಹೆಚ್ಚು, ಈಗ ಫೋನಿಗಾಗಿ ಜಗಳವಾಡಿ ಮುನಿಸಿಕೊಂಡು ಕೂತರೆ ಏನು ಗತಿ ಎಂದುಕೊಂಡು ಅವಳು ಸುಮ್ಮನೆ ಹೊರಟಳು.

ಕಾಫಿ ಅಂಗಡಿಯಲ್ಲಿ ಕಿಟಕಿಯ ಪಕ್ಕ ಕೂತರು. ಕಾಫಿ ಬರುತ್ತಲೇ ವಿಲ್ಫ್ ಕೋಟಿನ ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಒಣದ್ರಾಕ್ಷಿ ತುಂಬಿದ ಎಕಲ್ಸ್ ಕೇಕು, ಬೋಲ್ಟನ್ ಮಾರ್ಕೆಟ್ಟಿನದು. ರೋವೀನಾ ಶಾಲೆ ಬಿಟ್ಟು ಬಂದರೆ ಅದಿಲ್ಲದೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅದನ್ನು ಅವನು ಯಾವಾಗ ಕೊಂಡ, ಯಾವ ಬಟ್ಟೆಯ ಕೆಳಗೆ ಅಡಗಿಸಿ ತಂದ, ಏವಿಸ್‌ಗೆ ಗೊತ್ತೇ ಇರಲಿಲ್ಲ. ಹಾಗಾದರೆ ಇವಳು ಕೇಳುವ ಮೊದಲೇ ಬರಬೇಕೆಂದಿದ್ದನೇ ಈ ಮುದುಕ! ಅವಳು ಅವನ ಮುಖವನ್ನೇ ನೋಡಿದಳು.

"ಹಾಗೆ ನೋಡ್ಬೇಡ. ಸುಮ್ನೆ ತಂದೆ, ಅಷ್ಟೆ."

ಬಾಗಿಲು ಸದ್ದಾದಾಗಲೆಲ್ಲ ಅವನು ಬೆನ್ನು ನೆಟ್ಟಗೆ ಮಾಡಿ ಟೈ ಮುಟ್ಟಿಕೊಳ್ಳುತ್ತಿದ್ದ. ಬಂದವರು ಬೇರೆ ಯಾರೋ ಆಗಿರುತ್ತಿದ್ದರು. ಕಾಫಿ ಆರಿತು. ಇನ್ನೊಂದು ತರಿಸಿದರು, ಅದೂ ಆರಿತು. ಊಟಕ್ಕೆ ಬಂದವರು ಉಂಡು ಎದ್ದುಹೋದರು.

"ರೈಲು ತಡ ಆಗಿರ್ಬೇಕು," ಎಂದಳು ಏವಿಸ್.

"ಹೂಂ."

ಇನ್ನಷ್ಟು ಹೊತ್ತಾದ ಮೇಲೆ, "ಅವಳ ಮಗುವಿನ ಸ್ಕೂಲೋ ಏನೋ, ಏನಾದ್ರೂ ತೊಂದ್ರೆ..." ಎಂದಳು.

"ತೊಂದ್ರೆ ಏನೂ ಇಲ್ಲ ಬಿಡು. ಬೇಕೂ ಅಂತ ಮಾಡಿದ್ಲು. ನಾನು ಅವಳ ಮದುವೆಗೆ ಹೋಗ್ಲಿಲ್ಲ, ಅವಳು ನನ್ನ ಕಾಫಿಗೆ ಬರ್ಲಿಲ್ಲ. ಲೆಕ್ಕ ಚುಕ್ತಾ." ನಗಲು ನೋಡಿದ, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. "ನಡಿ, ಹಡಗು ಯಾರಪ್ಪನಿಗೂ ಕಾಯಲ್ಲ."

"ಇನ್ನೂ ಹೊತ್ತಿದೆಯಲ್ಲೋ! ಇಲ್ಲೇ ಎದುರಿಗಿದೆ ಹಡಗು. ಕೊನೇವರೆಗೂ ಕೂರೋಣ, ನಿಂಗೆ ಕೈ ಮುಗೀತೀನಿ."

"ಕೊನೇ ಗಳಿಗೇಲಿ ಓಡೋರ ಪೈಕಿ ನಾನಲ್ಲ," ಎಂದು ಎದ್ದ. ಪೊಟ್ಟಣವನ್ನು ಮೇಜಿನ ಮೇಲೇ ಬಿಟ್ಟ. ಏವಿಸ್ ಅವನ ಹಿಂದೆ ನಡೆದಳು. ಜೀವಮಾನವಿಡೀ ಹಾಗೇ ನಡೆದಿದ್ದಳು, ಅಂದೂ ನಡೆದಳು. ಅವತ್ತೊಂದು ದಿನ ಕಂಬ ತಬ್ಬಿಕೊಂಡು ನಿಂತಿದ್ದರೆ ಏನು ಹೋಗುತ್ತಿತ್ತು?

ಹಡಗು ಹತ್ತಿದ ಮೇಲೆ ವಿಲ್ಫ್ ಕೋಣೆಗೆ ಬರಲಿಲ್ಲ. ಟೈ ಬಿಚ್ಚಿ ಅವಳ ಕೈಗೆ ಕೊಟ್ಟು, ಮಾಲ್ಕಮ್ ಕರೆಯುತ್ತಿದ್ದಾನೆಂದು ಡೆಕ್ಕು ಎನ್ನುವ ಮೇಲಿನ ಅಟ್ಟಕ್ಕೆ ಹೋದ. ಏವಿಸ್ ಒಬ್ಬಳೇ ಹಾಸಿಗೆಯ ಅಂಚಿನಲ್ಲಿ ಕೂತಳು, ಅತ್ತಳು, ಮುಖ ತೊಳೆದಳು. ಹಾಳಾಗಿ ಹೋಗಲಿ ಬಿಲ್ಲು ಎಂದು ಪೆಟ್ಟಿಗೆ ತೆರೆದು ಫೋನಿಗೆ ಜೀವ ಕೊಟ್ಟಳು.

ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದವು. ಹಳಿಯ ಮೇಲೆ ಗುಡ್ಡ ಜರಿದು ರೈಲು ನಿಂತಿದೆ ಅಮ್ಮ. ಫೋನ್ ಎತ್ತು ಅಮ್ಮ. ಬಸ್ಸು ಸಿಕ್ಕಿತು, ಬರ್ತಿದ್ದೀನಿ, ಅಪ್ಪನ್ನ ಹಿಡ್ಕೊಂಡಿರು. ಅಂಗಡೀಲಿ ನೀವಿಲ್ಲ. ಮೇಜಿನ ಮೇಲೆ ಎಕಲ್ಸ್ ಕೇಕ್ ಇದೆ, ಅಪ್ಪ ತಂದಿದ್ದಾ? ಅಮ್ಮ, ಅಪ್ಪ ತಂದಿದ್ದಾ? ದಕ್ಕೆ ಹತ್ರ ಬರ್ತೀನಿ, ಬೇಲಿ ಹತ್ತಿರಾನಾದ್ರೂ ನಿಂತ್ಕೊಳ್ಳಿ.

ಕೊನೆಯದನ್ನು ಕಳಿಸಿ ಇನ್ನೂ ನಿಮಿಷವಾಗಿರಲಿಲ್ಲ.

ಏವಿಸ್ ಫೋನು ಹಿಡಿದುಕೊಂಡು ಓಡಿದಳು. ಕೆಳಗಿನ ಬಾಗಿಲಲ್ಲಿ ಹಡಗಿನ ಸಿಬ್ಬಂದಿಯ ಹುಡುಗಿಯೊಬ್ಬಳು ನಗುತ್ತಾ ಅಡ್ಡ ನಿಂತಳು. ಏಣಿ ತೆಗೆದಾಗಿದೆ ಮೇಡಂ, ಇನ್ನು ಯಾರೂ ಇಳಿಯೋ ಹಾಗಿಲ್ಲ. ಹಾಗಾದರೆ ವಿಲ್ಫ್ ಮೇಲಿನಿಂದಲಾದರೂ ಮಗಳನ್ನು ನೋಡಲಿ, ಕೈಯಾದರೂ ಬೀಸಲಿ! ಲಿಫ್ಟುಗಳು ತುಂಬಿದ್ದವು. ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು, ನಿಂತು, ಮತ್ತೆ ಹತ್ತಿದಳು.

ಮೇಲಿನ ಅಟ್ಟದಲ್ಲಿ ಜಾತ್ರೆ ಸೇರಿತ್ತು. ಹಡಗು ಹೊರಡುವ ಹೊತ್ತಿಗೆ ತಡವಾದವರು ದಕ್ಕೆಯ ಮೇಲೆ ಎದ್ದುಬಿದ್ದು ಓಡಿ ಬರುವುದನ್ನು ಲೋಟ ಹಿಡಿದು ನೋಡುವುದು ಹಡಗಿನವರ ಹಳೆಯ ಚಟ. ಚಪ್ಪಾಳೆ, ಸಿಳ್ಳೆ, ಅಣಕ. ಓಡುವವರಿಗೆ ಒಬ್ಬ ಹೆಸರಿಟ್ಟರೆ ಮಿಕ್ಕವರೆಲ್ಲ ಅದನ್ನೇ ಕೂಗುತ್ತಾರೆ. ಇಂಥದ್ದಕ್ಕೆ ವಿಲ್ಫ್‌ನೇ ಮುಂದಾಳು. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿ ಕೂಗಿದ ಗಂಟಲು ಅದು, ಎದೆ ಸೋತರೂ ಗಂಟಲು ಸೋತಿರಲಿಲ್ಲ.

"ಓಡಮ್ಮಾ ಓಡು! ಆ ಚೀಲ ಬಿಸಾಕಿ ಓಡು! ಬೆಳಿಗ್ಗೆಯಿಂದ ಎಲ್ಲಿ ನಿದ್ದೆ ಹೊಡೀತಿದ್ದೆ?"

ಜನ ಘೊಳ್ಳೆಂದು ನಕ್ಕರು. "ಗುರುವೇ, ನಿಮಗೆ ನೀವೇ ಸಾಟಿ!" ಎಂದ ಮಾಲ್ಕಮ್.

ಏವಿಸ್ ಭುಜಗಳ ನಡುವೆ ನುಗ್ಗಿ ಕಂಬಿ ಹಿಡಿದು ಕೆಳಗೆ ನೋಡಿದಳು. ಬೇಲಿಯ ಪಕ್ಕದ ರಸ್ತೆಯಲ್ಲಿ ಹಸಿರು ಕೋಟಿನ ಹೆಂಗಸೊಬ್ಬಳು ಒಂದು ಕೈಯಲ್ಲಿ ಬಿಳಿ ಪೊಟ್ಟಣ ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಹಡಗಿನವರೆಲ್ಲ ಅವಳನ್ನು ತಮ್ಮವಳೇ, ತಡವಾಗಿ ಬಂದವಳೇ ಅಂದುಕೊಂಡಿದ್ದರು.

"ವಿಲ್ಫ್!"

"ತಾಳೇ ಮಾರಾಯ್ತಿ, ಇದು ನೋಡು. ನಿಧಾನಗಿತ್ತೀ, ಕಾಲೆತ್ತೇ! ನಿನ್ನಂಥವರಿಗೆ ಹಡಗಲ್ಲ, ಕತ್ತೆ ಬೇಕು!"

ಅಷ್ಟು ಗದ್ದಲದ ನಡುವೆಯೂ ಆ ಗಂಟಲು ಕೆಳಗೆ ಮುಟ್ಟಿತು. ಓಡುತ್ತಿದ್ದವಳು ಗಕ್ಕನೆ ನಿಂತಳು. ಹನ್ನೊಂದು ವರ್ಷ ಕೇಳದಿದ್ದರೇನು, ಹುಟ್ಟಿದಂದಿನಿಂದ ಕೇಳಿದ ದನಿ ಮರೆತುಹೋಗುತ್ತದೆಯೇ? ತಲೆ ಎತ್ತಿ ಸಾಲುಸಾಲು ನಗುವ ಮುಖಗಳನ್ನು ನೋಡಿದಳು. ಎತ್ತಿ ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು.

"ಅಯ್ಯೋ, ಸೋತುಬಿಟ್ಲು," ಎಂದ ವಿಲ್ಫ್.

"ಅದು ರೋವೀನಾ ಕಣೋ," ಎಂದಳು ಏವಿಸ್. "ರೈಲು ನಿಂತುಹೋಗಿತ್ತು. ನಿನ್ನ ನೋಡೋಕೆ ಓಡಿ ಬಂದಿದ್ದಾಳೆ ಕಣೋ ಪಾಪಿ, ನಿನ್ನ ನೋಡೋಕೆ!"

ವಿಲ್ಫ್ ನಗುತ್ತಲೇ ಅವಳ ಕಡೆ ತಿರುಗಿದ. ಆ ನಗು ಎಷ್ಟೋ ಹೊತ್ತು ಹಾಗೇ ಇತ್ತು, ಅದನ್ನು ತೆಗೆಯುವುದು ಹೇಗೆಂದು ಅವನಿಗೆ ತಿಳಿಯದ ಹಾಗೆ. ಕೆಳಗೆ ಹಗ್ಗ ಬಿಚ್ಚಿದ್ದರು. ದಕ್ಕೆಗೂ ಹಡಗಿಗೂ ನಡುವೆ ಕೊಳಕು ನೀರು ಅಗಲವಾಗುತ್ತಿತ್ತು.

ಅವನು ಕಂಬಿಯ ಮೇಲೆ ಸೊಂಟದ ತನಕ ಬಾಗಿದ.

"ರೋವೀನಾ!" ಎಂದು ಕೂಗಿದ. "ರೋವೀನಾ!"

ಮಾಲ್ಕಮ್‌ಗೆ ಖುಷಿಯಾಯಿತು. "ಹೆಸರಿಟ್ರು ನಮ್ಮ ಯಜಮಾನ್ರು! ರೋವೀನಾ ಅಂತೆ ಕಣ್ರೋ!" ಎಂದು ಚಪ್ಪಾಳೆ ಶುರುಮಾಡಿದ. ಬೆರಿಲ್ ಸೇರಿದಳು. ಅವಳ ಪಕ್ಕದವರು ಸೇರಿದರು. ಒಂದು ಗಳಿಗೆಯಲ್ಲಿ ಇಡೀ ಅಟ್ಟ ಲೋಟ ಎತ್ತಿ, ತಾಳ ಹಾಕಿ, ರೋ-ವೀ-ನಾ, ರೋ-ವೀ-ನಾ ಎಂದು ಬೊಬ್ಬೆ ಹೊಡೆಯತೊಡಗಿತು.

"ನಿಲ್ಸ್ರೋ!" ಎಂದ ವಿಲ್ಫ್. "ನನ್ನ ಮಗಳು ಕಣ್ರೋ ಅದು! ನಿಲ್ಸಿ!"

ಅದನ್ನೂ ತಮಾಷೆಯೆಂದುಕೊಂಡು ಇನ್ನೂ ಜೋರಾಗಿ ನಕ್ಕರು. ಅವನು ಮತ್ತೆ ಮಗಳ ಹೆಸರು ಕೂಗಿದ, ನೂರು ಬಾಯಿಗಳು ಅವನ ಜೊತೆಯಲ್ಲೇ ಕೂಗಿದವು. ಅದರಲ್ಲಿ ಅಪ್ಪನ ದನಿ ಯಾವುದೆಂದು ಕೆಳಗಿನವಳಿಗೆ ಈಗ ತಿಳಿಯುವ ಹಾಗಿರಲಿಲ್ಲ. ತನ್ನ ಹೆಸರು ಹಿಡಿದು ಒಂದು ಹಡಗಿಗೆ ಹಡಗೇ ಆಡಿಕೊಳ್ಳುತ್ತಿದೆ ಎಂದಷ್ಟೇ ತಿಳಿದಿರಬೇಕು. ಅವಳು ಪೊಟ್ಟಣವನ್ನು ಬೇಲಿಯ ಬುಡದಲ್ಲಿ ನೆಲದ ಮೇಲಿಟ್ಟಳು, ತಿರುಗಿ ನಡೆದಳು.

ಏವಿಸ್ ಮಗಳಿಗೆ ಫೋನು ಮಾಡಿದಳು. ಆಚೆ ರಿಂಗಾಯಿತು. ದೂರದಲ್ಲಿ ಹಸಿರು ಕೋಟು ನಿಂತಿತು, ಜೇಬಿನಿಂದ ಫೋನು ತೆಗೆಯಿತು, ಅದನ್ನೇ ನೋಡುತ್ತಾ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಜೇಬಿಗೆ ಹಾಕಿಕೊಂಡು ರಸ್ತೆ ದಾಟಿತು.