ನೋವಿಲ್ಲ ಎಂದು ಬರೆಸಿಕೊಂಡವಳು

ಸಿಮೆಂಟ್ ಹಾಕದೆ ಕೂರಿಸಿದ ಸೊಂಟದ ಲೋಹದ ಕೀಲು ಎಷ್ಟು ವರ್ಷ ಬಾಳುತ್ತದೆ ಎಂದು ಯಾರಾದರೂ ಕೇಳಿದರೆ, ಊರಿನ ಆಸ್ಪತ್ರೆಯವರು ಟೈಲರಮ್ಮನ ಎಕ್ಸ್‌ರೇ ತೆಗೆದು ತೋರಿಸುತ್ತಿದ್ದರು. ಅವಳ ಆಪರೇಷನ್ ಆಗಿ ಇಪ್ಪತ್ತು ವರ್ಷವಾಗಿತ್ತು. ಎಲುಬೇ ಬೆಳೆದು ಲೋಹವನ್ನು ಕಚ್ಚಿ ಹಿಡಿದಿತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಲುಗದಿದ್ದರೇನು ಬಂತು, ಮಹಡಿ ಮೇಲಿನ ತನ್ನ ಹೊಲಿಗೆ ಅಂಗಡಿಗೆ ಮೆಟ್ಟಿಲು ಹತ್ತುವಾಗಲೆಲ್ಲ ಅವಳ ತೊಡೆಯಲ್ಲಿ ದಬ್ಬಣ ಚುಚ್ಚಿದಂತಾಗುತ್ತಿತ್ತು. ನೋವು ಎಕ್ಸ್‌ರೇಯಲ್ಲಿ ಬೀಳುವುದಿಲ್ಲವಲ್ಲ.

ಅದು ಯಾರಿಗೂ ಕಾಣದಂತೆ ನೋಡಿಕೊಂಡವಳೂ ಅವಳೇ. ಪ್ರತಿ ವರ್ಷ ತಪಾಸಣೆಗೆ ಹೊರಡುವ ಮುಂಚೆ ಎರಡು ನೋವಿನ ಮಾತ್ರೆ ನುಂಗುತ್ತಿದ್ದಳು. ಅಷ್ಟು ದೊಡ್ಡ ಡಾಕ್ಟರು, ಬಾಯಿ ತುಂಬ ‘ಅಮ್ಮಾ’ ಎನ್ನುವವರು, ಅವರ ಕೈಕೆಲಸಕ್ಕೆ ಹೆಸರಿಡುವುದು ಹೇಗೆ? ತಾನು ಹೊಲಿದ ಬಟ್ಟೆಯಲ್ಲಿ ಗಿರಾಕಿ ಹುಳುಕು ತೆಗೆದರೆ ಎಷ್ಟು ಉರಿಯುತ್ತದೆಂದು ಅವಳಿಗೆ ಗೊತ್ತಿತ್ತು. ವರಾಂಡದಲ್ಲಿ ನೆಟ್ಟಗೆ ನಡೆದು ತೋರಿಸುವಳು, ಡಾಕ್ಟರು ‘ನೋವಿಲ್ಲ’ ಎಂದು ಬರೆದುಕೊಳ್ಳುವರು. ಮನೆಯವರ ಮುಂದೆಯೂ ಅದನ್ನೇ ಕೊಚ್ಚಿಕೊಳ್ಳುವಳು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳ ತಂಗಿ ಮನೆಮನೆಗೆ ಅಂಚೆ ಹಂಚುವವಳು. ಅವಳ ಸೊಂಟವೂ ಸವೆಯಿತು. ಅದೇ ಡಾಕ್ಟರು, ಅದೇ ಕೀಲು ಎಂದು ತೀರ್ಮಾನವಾಯಿತು. ಅಕ್ಕನನ್ನು ನೋಡಿಯೇ ಒಪ್ಪಿಕೊಂಡೆ ಎಂದು ತಂಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಅಕ್ಕನಿಗೆ ಅನ್ನ ಇಳಿಯಲಿಲ್ಲ.

ಆಪರೇಷನ್‌ನ ಹಿಂದಿನ ದಿನ ಮಾತ್ರೆ ನುಂಗದೆ, ಕುಂಟುತ್ತಲೇ ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಫೈಲಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಇಷ್ಟು ವರ್ಷ ಇಲ್ಲದ ನೋವು ಇವತ್ತೇ ಬಂತೇ ಎಂದು ನಕ್ಕು, ತಂಗಿಯ ಚಿಂತೆಗೆ ಹೀಗಾಗಿದೆ, ಧೈರ್ಯವಾಗಿರಿ ಎಂದು ಕಳಿಸಿದರು.

ಅವಳು ನೇರ ವಾರ್ಡಿಗೆ ಹೋಗಿ ತಂಗಿಯ ಮಂಚದ ಅಂಚಿಗೆ ಕೂತಳು.

“ನಂಗೆ ಇಪ್ಪತ್ತು ವರ್ಷದಿಂದ ನೋಯ್ತಾನೇ ಇದೆ ಕಣೇ. ನಿಂಗೆ ಈ ಕೀಲು ಬೇಡ. ಇನ್ನೊಬ್ಬ ಡಾಕ್ಟರನ್ನ ಕೇಳೋಣ.”

ತಂಗಿ ಹೊದಿಕೆ ಸರಿಸಿ ಎದ್ದು ಕೂತಳು.

“ನೀನು ನೆಟ್ಟಗೆ ನಡೀಬಹುದು, ನಾನು ನಡೀಬಾರ್ದು. ಅಲ್ವಾ ಅಕ್ಕ? ಚಿಕ್ಕಂದಿನಿಂದ್ಲೂ ನೀನು ಹೀಗೇನೇ.”

ಎತ್ತಿ ಆಡಿಸಿದ ತಂಗಿಯ ಬಾಯಲ್ಲಿ ಆ ಮಾತು! ಆದರೂ ಅಕ್ಕ ಮರುದಿನ ಆಪರೇಷನ್ ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದಳು.

ನಾಲ್ಕು ತಿಂಗಳಿಗೆ ತಂಗಿ ಚೀಲ ಹೆಗಲಿಗೇರಿಸಿ ಮತ್ತೆ ಅಂಚೆಗೆ ಹೊರಟಳು. ಪ್ರತಿ ಭಾನುವಾರ ಅಂಗಡಿಗೆ ಬರುತ್ತಿದ್ದಳು. ತೊಡೆ ನೋಯುತ್ತದೆಯೇ ಎಂದು ಅಕ್ಕ ಕೇಳುವಳು, ಚೂರೂ ಇಲ್ಲ ಎಂದು ತಂಗಿ ಹೇಳುವಳು. ನಿಜಕ್ಕೂ ಇರಲಿಲ್ಲ. ಎಲ್ಲರಿಗೂ ನೋಯಬೇಕೆಂದೇನೂ ಇಲ್ಲವಲ್ಲ.

ಒಂದು ಭಾನುವಾರ ತಂಗಿ ಕೊನೆಯ ಮೆಟ್ಟಿಲಲ್ಲಿ ನಿಂತು ತೊಡೆಯ ಮೇಲೆ ಕೈಯಿಟ್ಟಳು. ಅಕ್ಕ ಮಿಷನ್ ಬಿಟ್ಟು ಎದ್ದೇಬಿಟ್ಟಳು.

“ನೋವು ಬಂತಾ?”

“ಇಲ್ಲಪ್ಪ, ಜೇಬಲ್ಲಿ ಬೀಗದ ಕೈ ಇದೆಯಾ ನೋಡ್ದೆ ಅಷ್ಟೇ.”

ಅಕ್ಕನ ಮುಖ ಬಾಡಿತು. ಸಂತೋಷಪಡಬೇಕಾದ ಜಾಗದಲ್ಲಿ ನಿರಾಸೆ ಬಂದು ಕೂತದ್ದು ಅವಳಿಗೇ ತಿಳಿಯಿತು. ಮುಚ್ಚಿಕೊಳ್ಳೋಣವೆಂದು ಸರಕ್ಕನೆ ಬಟ್ಟೆಯ ಮೇಲೆ ಬಗ್ಗಿದಳು, ಅಷ್ಟರಲ್ಲಿ ತಂಗಿ ನೋಡಿ ಆಗಿತ್ತು.

ಮುಂದಿನ ಭಾನುವಾರ ಅವಳು ಬರಲಿಲ್ಲ.